ಕಿಂಡಿಯ ಪರದೆ

ಮೂರು ದಿನದಿಂದ ನೈಟಿಂಗೇಲ್ ದ್ವೀಪ ಎದುರಿಗೇ ಇದೆ,
ಇಳಿಯಲು ಬಿಡುತ್ತಿಲ್ಲ.
ಬಂಡೆಯ ಬುಡದಲ್ಲಿ ಅಲೆ ಆಳೆತ್ತರ ಏರಿ
ಆಳೆತ್ತರ ಕುಸಿಯುತ್ತದೆ.
ರಬ್ಬರು ದೋಣಿ ಹತ್ತಿರ ಹೋಗಿ ಮೂಸಿ ನೋಡಿ
ಬಿಸಿಹಾಲು ಕಂಡ ಬೆಕ್ಕಿನ ಹಾಗೆ ವಾಪಸು.

‘ಇವತ್ತೂ ಒಲ್ಲೆ ಅಂತಿದೆ’ ಎನ್ನುತ್ತಾಳೆ ಎಡ್ವಿನಾ.
ಪಕ್ಕದ ಟ್ರಿಸ್ಟನ್ನಿನವಳು. ಇನ್ನೂರು ಚಿಲ್ಲರೆ ಜನ,
ಆಲೂಗಡ್ಡೆ ಮಡಿಗಳಿಗೆ ಲಾವಾಕಲ್ಲಿನ ಗೋಡೆ.
ನಮಗೆ ದಾರಿ ತೋರಲೆಂದು ಹಡಗು ಹತ್ತಿದವಳು
ದಾರಿಯೇ ಇಲ್ಲದೆ ಡೆಕ್ಕಿನಲ್ಲಿ ಕೂತು
ಗಂಡನಿಗೆ ಕಾಲುಚೀಲ ಹೆಣೆಯುತ್ತಿದ್ದಾಳೆ.
ಅವಳ ಊರಲ್ಲಿ ಪಟ್ಟೆ ಹೆಚ್ಚಿದಷ್ಟೂ ಪ್ರೀತಿ ಹೆಚ್ಚಂತೆ.
‘ಈ ವರ್ಷ ಎರಡು ಸಾಕು ಅವನಿಗೆ.’

ನಮಗೆ ಹಕ್ಕಿಗಳದೇ ಹಸಿವು.
ದುರ್ಬೀನಿನ ಪಟ್ಟಿ ಉಜ್ಜಿ ಕುತ್ತಿಗೆ ಕೆಂಪು.
ಆಲ್ಬಟ್ರಾಸು ರೆಕ್ಕೆ ಬಡಿಯದೆ ಬಂತು,
ಹಡಗಿನ ಹಿಂದೆ ಗಾಳಿಯನ್ನು ಓರೆಯಾಗಿ ಕೊಯ್ದು
ನಮ್ಮನ್ನು ಒಮ್ಮೆ, ಒಂದೇ ಕಣ್ಣಲ್ಲಿ, ನೋಡಿ ಹೋಯಿತು.
‘ಮಾಲಿ’ ಎಂದಳು ಎಡ್ವಿನಾ, ದ್ವೀಪದ ಮಾತಿನಲ್ಲಿ.
ನನಗೆ ನಗು. ನನ್ನ ಭಾಷೆಯಲ್ಲಿ ಮಾಲಿ ಅಂದರೆ ತೋಟದವನು.
ಇಷ್ಟಗಲ ನೀರಿಗೆ ಒಬ್ಬನೇ,
ಕತ್ತರಿ ಹಿಡಿದು ಅಲೆಯ ತುದಿ ಸವರುತ್ತ.
ಪುಸ್ತಕ ತೆಗೆದು ಗುರುತು ಹಾಕಿದೆ:
ನಲವತ್ತೊಂದನೆಯದು.

ಸಂಜೆ ಆರಕ್ಕೆ ಧ್ವನಿವರ್ಧಕ:
ಎಲ್ಲ ಕಿಂಡಿಗಳ ಪರದೆ ಎಳೆಯಿರಿ, ದಯವಿಟ್ಟು.
ಡೆಕ್ಕಿನ ದೀಪಗಳು ಒಂದೊಂದೇ ಕಣ್ಣುಮುಚ್ಚಿದವು.
ಹೊರಗೆ ತುಂತುರು, ಮಂಜು.

ರಾತ್ರಿ ಎರಡಕ್ಕೆ ಬಾಗಿಲು ಬಡಿದ ಸದ್ದು.
ಎಡ್ವಿನಾ. ಕೈಯಲ್ಲಿ ಬಿಸ್ಕತ್ತಿನ ರಟ್ಟಿನ ಡಬ್ಬಿ,
ಒಳಗೆ ಪರಪರ.
‘ನಿಮ್ಮದೇ ಕಿಂಡಿ’ ಎಂದಳು.
ಅಷ್ಟೇ. ಬಯ್ಯಲಿಲ್ಲ.
ನನ್ನ ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು,
ದೀಪ ಉರಿಯುತ್ತಲೇ ಇತ್ತು,
ಬರೆಯುತ್ತ ಬರೆಯುತ್ತ ನಿದ್ದೆ ಹೋಗಿದ್ದೆ.

ಮೇಲೆ ಒದ್ದೆ ಹಲಗೆಯ ತುಂಬ ಪ್ರಿಯಾನ್‌ಗಳು:
ಕಬ್ಬಿಣಕ್ಕೆ ಬಡಿದು ಕಕ್ಕಾಬಿಕ್ಕಿಯಾಗಿ
ಹಗ್ಗದ ಸುರುಳಿಯ ಸಂದಿಗೆ ನುಗ್ಗುವವು,
ಎದ್ದು ಎರಡು ಹೆಜ್ಜೆಗೆ ಮುಗ್ಗರಿಸುವವು.
ನೆಲದ ಮೇಲೆ ನಡೆಯುವ ಕಾಲುಗಳಲ್ಲ ಅವು.
ಕತ್ತಲಲ್ಲಿ ಮಂಡಿಯೂರಿ ತಡಕಿದೆವು.
‘ಹಿಡಿಯಿರಿ, ಹೆದರಬೇಡಿ.’
ಒಂದು ಕಿತ್ತಳೆಹಣ್ಣಿನ ತೂಕ.
ಕಪ್ಪೆಬಾಯಿಯಂಥ ಅಗಲ ಕೊಕ್ಕು.
ಎದೆಬಡಿತ ಎಷ್ಟು ಜೋರೆಂದರೆ
ಯಾರದೆಂದು ಗೊತ್ತಾಗದೆ ಬೆರಳು ಸಡಿಲಿಸಿದೆ.
ಮೂಗಿಗೆ ಕಸ್ತೂರಿ, ಹಳೇ ಎಣ್ಣೆ,
ವರ್ಷಗಟ್ಟಲೆ ಮುಚ್ಚಿಟ್ಟ ಟ್ರಂಕಿನ ವಾಸನೆ.

ಡಬ್ಬಿಯ ಮುಚ್ಚಳಕ್ಕೆ ಟೇಪು ಹಚ್ಚುತ್ತ ಅವಳೆಂದಳು:
‘ಚಿಕ್ಕವಳಿದ್ದಾಗ ಕ್ಯಾನ್ವಾಸ್ ದೋಣಿಯಲ್ಲಿ
ಅಪ್ಪನ ಜೊತೆ ಇಲ್ಲಿಗೇ ಬರುತ್ತಿದ್ದೆ.
ಪೆಟ್ರೆಲ್ ಮರಿ ಹಿಡಿದು ಕೊಬ್ಬು ಕರಗಿಸಿ
ಡಬ್ಬಗಟ್ಟಲೆ ಹೊತ್ತೊಯ್ದವರು ನಾವು.
ಅಮ್ಮ ಅದರಲ್ಲೇ ಆಲೂಗಡ್ಡೆ ಹುರಿದಳು.
ತಿಂದವರು, ಸುಳ್ಳು ಹೇಳಲಾರೆ.
ನೀವು ಬರೀ ನೋಡುವವರು.
ನೋಡುವುದಕ್ಕೂ ದೀಪ ಬೇಕಲ್ಲ.’

ಗಾಳಿಯ ಮರೆಯ ಬದಿಗೆ ಹೋದೆವು.
ಅಂಗೈ ಬಿಚ್ಚಿದರೂ ಹಾರಲಿಲ್ಲ ಅದು.
ಹೆಬ್ಬೆರಳನ್ನು ಉಗುರಲ್ಲಿ ಹಿಡಿದು
ಮೊದಲು ಕತ್ತಲನ್ನು ಮೂಸಿತು.
ಆಮೇಲೆ ಕೈ ಹಗುರ.
ಹದಿನೇಳು ಹೋದವು.
ಒಂದನ್ನು ಎಡ್ವಿನಾ ಹಡಗಿನ ಲಾಂಛನವಿದ್ದ
ಊಟದ ಕರವಸ್ತ್ರದಲ್ಲಿ ಸುತ್ತಿ
ಕೋಟಿನ ಜೇಬಿಗೆ ಇಟ್ಟುಕೊಂಡಳು.

ಮರುಸಂಜೆ ಎಲ್ಲರೂ ಸೇರಿ ಪಟ್ಟಿ ಓದುವ ಹೊತ್ತು.
‘ಪ್ರಿಯಾನ್?’ ಎಂದ ತಂಡದ ನಾಯಕ.
ಯಾರೋ ಇನ್ನೂರು ಎಂದರು, ಯಾರೋ ಸಾವಿರ.
ನಾನು ಹದಿನೆಂಟು ಎಂದೆ.
‘ಹಡಗಿಗೆ ಬಿದ್ದವನ್ನು ಸೇರಿಸುವುದಿಲ್ಲ’ ಎಂದ ಮೃದುವಾಗಿ,
ಮುಂದಿನ ಹೆಸರಿಗೆ ಹೋದ.
ಮೂಲೆಯಲ್ಲಿ ಎಡ್ವಿನಾಳ ಸೂಜಿಗಳು
ಒಂದು ಕ್ಷಣ ನಿಂತು, ಮತ್ತೆ ಟಿಕ್ ಟಿಕ್.

ಈಗ ಪರದೆ ಎಳೆದಿದ್ದೇನೆ, ಅಂಚಿಗೆ ಟವೆಲು ತುರುಕಿದ್ದೇನೆ.
ಏನೂ ಕಾಣುವುದಿಲ್ಲ.
ಅಂಗೈಯ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಿಲ್ಲ.
ಗಾಜಿನಾಚೆ ಯಾವುದೋ ರೆಕ್ಕೆ
ರೇಷ್ಮೆ ಹರಿದಂತೆ ಹತ್ತಿರ ಬಂದು
ದೂರವಾಗುತ್ತದೆ.
ಪಕ್ಕದ ಕೋಣೆಯಲ್ಲಿ ಯಾರೋ ಎದ್ದರು,
ಗೋಡೆ ಸವರುತ್ತ
ಸ್ವಿಚ್ಚು ಹುಡುಕುತ್ತಿದ್ದಾರೆ.